ಊಟದ ಡ್ಯಾಶ್‌ಬೋರ್ಡ್: ಮಾಡಿದವರು ಅನುಭವ ಹೇಳಿ

ತೀರ್ಥಹಳ್ಳಿಯಿಂದ ಪ್ರಶ್ನೆ: ಶಿವಮೊಗ್ಗ ಜಿಲ್ಲೆಯ ಏಳೂ ತಾಲ್ಲೂಕಿನ ಮನೆಗಳಲ್ಲಿ ಏನು ಉಣ್ಣುತ್ತಾರೆ, ಎಷ್ಟು ಉಣ್ಣುತ್ತಾರೆ ಅಂತ ಸರ್ವೆ ಮಾಡಿದ್ದೇವೆ. ಎಲ್ಲ ಎಕ್ಸೆಲ್‌ನಲ್ಲಿದೆ. ತಾಲ್ಲೂಕು, ತಿಂಗಳು ಆರಿಸಿದಂತೆ ಚಾರ್ಟ್ ಬದಲಾಗೋ ಡ್ಯಾಶ್‌ಬೋರ್ಡ್ ಬೇಕು. ಅದಕ್ಕೆ ಮೈಕ್ರೋಸಾಫ್ಟ್‌ನ ಪವರ್ ಬಿಐ ಒಳ್ಳೇದಾ, ಗೂಗಲ್‌ನ ಲುಕರ್ ಸ್ಟುಡಿಯೋನಾ?

ಸಾಗರ: ಲುಕರ್ ಸ್ಟುಡಿಯೋ. ಪವರ್ ಬಿಐ ಡೆಸ್ಕ್‌ಟಾಪ್ ಪುಕ್ಕಟೆ, ಸರಿ. ಹಂಚಿಕೊಳ್ಳೋಕೆ ಹೋದ ಕೂಡಲೇ ಪ್ರೊ ಲೈಸೆನ್ಸ್ ಕೇಳುತ್ತೆ, ನೋಡುವವರಿಗೂ ಬೇಕು. ಮೊದಲು ತಲೆಗೆ ತಿಂಗಳಿಗೆ 10 ಡಾಲರ್ ಇತ್ತು, 2025ರ ಏಪ್ರಿಲ್‌ನಿಂದ 14. ಐದು ಜನಕ್ಕೆ ವರ್ಷಕ್ಕೆ 840 ಡಾಲರ್! ಲುಕರ್‌ಗೆ ಗೂಗಲ್ ಶೀಟ್ ಜೋಡಿಸಿದರೆ ಮುಗೀತು. ಶೀಟ್ ತಿದ್ದಿದ ಮೇಲೆ 15 ನಿಮಿಷ ಹಳೇ ಅಂಕಿಯೇ ಕಾಣಬಹುದು, ರಿಫ್ರೆಶ್ ಒತ್ತಿ. ತಿಂಗಳಿಗೊಂದು ಕಾಲಂ ಇಟ್ಟಿದ್ದರೆ ಫಿಲ್ಟರ್ ಕೈಕೊಡುತ್ತೆ. ಒಂದು ಮನೆ, ಒಂದು ಪದಾರ್ಥ, ಒಂದು ತಿಂಗಳಿಗೆ ಒಂದು ಸಾಲು ಮಾಡಿ.

ಭದ್ರಾವತಿ: ಅರ್ಧ ಸತ್ಯ ಹೇಳಬೇಡಿ ಸಾರ್. ಪವರ್ ಬಿಐಯಲ್ಲಿ 'ಪಬ್ಲಿಷ್ ಟು ವೆಬ್' ಕೊಟ್ಟರೆ ನೋಡುವವರಿಗೆ ಯಾವ ಲೈಸೆನ್ಸೂ ಬೇಡ. ಹಾಕುವವರಿಗೆ ಸಂಸ್ಥೆಯ ಇಮೇಲ್ ಬೇಕು ಅಷ್ಟೆ, ಜಿಮೇಲ್ ನಡೆಯೋಲ್ಲ.

ಸಾಗರ: ಹಾಗೆ ಕೊಟ್ಟರೆ ಊರಿಗೆಲ್ಲ ತೆರೆದಂತೆ. ಆ ಫೈಲಿನಲ್ಲಿ ಯಜಮಾನರ ಹೆಸರು, ರೇಷನ್ ಕಾರ್ಡ್ ನಂಬರ್ ಇರುತ್ತೆ, ಗೊತ್ತಿದೆಯಾ?

ಭದ್ರಾವತಿ: ಆ ಕಾಲಂಗಳನ್ನ ಅಳಿಸಿ ಮನೆಗೊಂದು ಕೋಡ್ ಕೊಡೋದು ಎಲ್ಲ ಕಡೆಯೂ ಮೊದಲ ಕೆಲಸ. ನಿಮ್ಮ ಲುಕರ್ ಲಿಂಕೂ ಕೈಯಿಂದ ಕೈಗೆ ಹೋಗುತ್ತೆ.

ಹೊಸನಗರ: ಸಾಫ್ಟ್‌ವೇರ್ ಜಗಳ ಬಿಡಿ ಮಾರಾಯ್ರೆ, ಅಂಕಿ ಕೆಡೋದು ಅದಕ್ಕಿಂತ ಮುಂಚೆ. ಕಳಲೆ ತಗೊಳ್ಳಿ. ಜುಲೈಯಲ್ಲಿ ಹತ್ತು ಮನೆಯಲ್ಲಿ ಎರಡು ಮನೆ ತಲಾ 2 ಕಿಲೋ ತಿಂದಿವೆ. ಉಳಿದ ಎಂಟನ್ನ ಖಾಲಿ ಬಿಟ್ಟರೆ ಸರಾಸರಿ 2 ಕಿಲೋ, ಸೊನ್ನೆ ಹಾಕಿದರೆ 400 ಗ್ರಾಂ. ತಿನ್ನಲಿಲ್ಲ ಅಂದವರಿಗೆ ಸೊನ್ನೆ, ಕೇಳದೇ ಬಿಟ್ಟವರಿಗೆ ಖಾಲಿ. ಇನ್ನೊಂದು, ಅಡಿಕೆ ಕೊಯ್ಲಿನ ತಿಂಗಳು ಆಳುಗಳಿಗೂ ಅಲ್ಲೇ ಊಟ. ಅಕ್ಕಿಯನ್ನ ಮನೆಮಂದಿಯಿಂದ ಭಾಗಿಸಿದರೆ ಒಬ್ಬೊಬ್ಬರೂ ರಾಶಿ ಉಂಡಂತೆ ಕಾಣುತ್ತೆ. ಎಷ್ಟು ಊಟ ಬಡಿಸಿದರು ಅನ್ನೋದರಿಂದ ಭಾಗಿಸಿ. ಗದ್ದೆಯ ಅಕ್ಕಿಗೆ ಬಿಲ್ಲಿಲ್ಲ ಅಂತ ಸೊನ್ನೆ ರೂಪಾಯಿ ಬರೆದಿದ್ದರೆ ಖರ್ಚಿನ ಚಾರ್ಟೇ ಸುಳ್ಳು. ಸರ್ಕಾರದ ಗೃಹಬಳಕೆ ವೆಚ್ಚ ಸಮೀಕ್ಷೆ ಮನೆ ಬೆಳೆಗೂ ಬೆಲೆ ಕಟ್ಟುತ್ತೆ.

ಸೊರಬ: ಆ ಸಮೀಕ್ಷೆ ಪಕ್ಕದಲ್ಲಿಟ್ಟು ಹೋಲಿಸುವವರು ಅವಧಿ ನೋಡಿ. ತರಕಾರಿ, ಮೀನು, ಎಣ್ಣೆ ಕಳೆದ 7 ದಿನದ್ದು, ಅಕ್ಕಿ, ಬೇಳೆ 30 ದಿನದ್ದು. ವಾರದ್ದನ್ನ 30/7ರಿಂದ ಗುಣಿಸದೇ ಒಂದೇ ಬಾರ್ ಚಾರ್ಟಿಗೆ ಹಾಕಿದರೆ ತರಕಾರಿ ನಿಜವಾದದ್ದರ ಕಾಲು ಭಾಗಕ್ಕಿಂತ ಕೆಳಗೆ ಬೀಳುತ್ತೆ. 2023-24ರಲ್ಲಿ ದೇಶದ ಹಳ್ಳಿಗಳ ತಲಾ ತಿಂಗಳ ಖರ್ಚು ₹4,122, ಅದರಲ್ಲಿ ಆಹಾರ ಶೇ. 47. ಅದನ್ನ ಒಂದು ಗೆರೆಯಾಗಿ ತೋರಿಸಿ, ಸಾಕು. ಸೇರಿನ ಲೆಕ್ಕ ಕೊಟ್ಟವರಿಗೆ ಒಂದು ಸೇರು ಒಂದು ಕಿಲೋ ಅಂತ ಹಾಕಿ.

ಹೊಸನಗರ: ತಪ್ಪು! ಸೇರು ಅಳತೆ, ತೂಕ ಅಲ್ಲ. ಒಂದೇ ಸೇರಿನಲ್ಲಿ ಅವಲಕ್ಕಿ ಅಳೆದು ತೂಗಿ, ಅಕ್ಕಿ ಅಳೆದು ತೂಗಿ, ಆಮೇಲೆ ಬರೆಯಿರಿ.

ಸೊರಬ: ಅಕ್ಕಿಗೆ ಹೇಳಿದ್ದು ಕಣ್ರೀ, ಅವಲಕ್ಕಿಗಲ್ಲ.

ಹೊಸನಗರ: ಅಕ್ಕಿಗೂ ಊರೂರಿಗೆ ಸೇರು ಬೇರೆ. ಪದಾರ್ಥಕ್ಕೊಂದು ಗ್ರಾಂ ಪಟ್ಟಿ ಬೇರೆ ಶೀಟಿನಲ್ಲಿಟ್ಟು ಅಲ್ಲಿಂದ ಎಳೆದುಕೊಳ್ಳಿ.

ಶಿಕಾರಿಪುರ: ಕನ್ನಡದ್ದು ಯಾರೂ ಹೇಳಲಿಲ್ಲ. ಹಳೇ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದರೆ ಡ್ಯಾಶ್‌ಬೋರ್ಡ್‌ನಲ್ಲಿ ಬರೀ ಚಿತ್ರವಿಚಿತ್ರ ಅಕ್ಷರ, ಮೊದಲು ಯೂನಿಕೋಡ್‌ಗೆ ಬದಲಾಯಿಸಿ. ಎಕ್ಸೆಲ್‌ನಿಂದ ಸೇವ್ ಮಾಡುವಾಗ 'ಸಿಎಸ್‌ವಿ ಯುಟಿಎಫ್-8' ಆರಿಸದಿದ್ದರೆ ಎಲ್ಲ ಪ್ರಶ್ನೆಚಿಹ್ನೆ. ತಿಂಗಳ ಹೆಸರು ಅಕಾರಾದಿಯಾಗಿ ಸಾಲುಗಟ್ಟಿ ಅಕ್ಟೋಬರ್ ಮೊದಲು ಬರುತ್ತೆ, 1ರಿಂದ 12ರ ಕಾಲಂ ಇಟ್ಟು ಅದರಿಂದ ಸಾರ್ಟ್ ಮಾಡಿ. 2014ಕ್ಕಿಂತ ಹಳೇ ನಕ್ಷೆಯಲ್ಲಿ ಜಿಲ್ಲೆ ಶಿಮೊಗ ಅಂತಿರುತ್ತೆ, ಹೆಸರು ಹೊಂದದೆ ಜಿಲ್ಲೆಯೇ ಬಿಳಿಯಾಗಿ ಉಳಿಯುತ್ತೆ. ಕೆಳಗಿನ ಅಕ್ಷದ ಹೆಸರುಗಳನ್ನ ಓರೆ ಮಾಡಬೇಡಿ, ಒತ್ತಕ್ಷರ ಕತ್ತರಿಸಿ 'ರೊಟ್ಟಿ' ಓದೋಕೇ ಆಗೋಲ್ಲ. ಬಾರ್‌ಗಳನ್ನ ಅಡ್ಡಡ್ಡ ಮಲಗಿಸಿ.

ಭದ್ರಾವತಿ: ಅಂಕಿ, ಹೆಸರು ತಿದ್ದೋ ಕೆಲಸ ಪವರ್ ಬಿಐಯಲ್ಲಿ ಒಂದೇ ಸಲ ಪವರ್ ಕ್ವೆರಿ ಅನ್ನೋ ಭಾಗದಲ್ಲಿ ಮಾಡಿಟ್ಟರೆ ಆಯ್ತು.

ಸಾಗರ: 840 ಡಾಲರ್ ನೀವೇ ಕಟ್ಟಿ ಹಾಗಾದ್ರೆ.