ಗೇಟಿನ ಪಕ್ಕಕ್ಕೆ ದಾಳಿಂಬೆ ಆಗುತ್ತದಾ?

ಹಿತ್ತಲಗಿಡ:
ಗೇಟಿನ ಪಕ್ಕ ಎಂಟಡಿ ಜಾಗ ಇದೆ. ಮಧ್ಯಾಹ್ನ ಮೂರರವರೆಗೂ ಒಳ್ಳೆ ಬಿಸಿಲು. ನೋಡಲು ಚೆಂದ ಇರಬೇಕು, ನಾಲ್ಕು ಹಣ್ಣೂ ಬಿಡಬೇಕು, ನಾನು ಒಂದೆರಡು ವಾರ ಮನೆಯಲ್ಲಿ ಇಲ್ಲದಿದ್ದರೆ ಸಾಯಬಾರದು. ಅದಕ್ಕೇ ಮೊಣಕಾಲೆತ್ತರದ ದಾಳಿಂಬೆ ತಂದಿಟ್ಟಿದ್ದೇನೆ, ಇನ್ನೂ ಕಪ್ಪು ಪ್ಯಾಕೆಟ್ಟಿನಲ್ಲೇ ಇದೆ. ಹಿಂದೆ ನೆಟ್ಟಿದ್ದ ಗಿಡ ಮೂರು ವರ್ಷ ಬರೀ ಹೂ ಉದುರಿಸಿತು. ಸಿಟ್ಟು ಬಂದು ಕಿತ್ತು ಹಾಕಿದೆ. ಈ ಸಲ ಗುಂಡಿ ಎಷ್ಟು ಆಳ ತೋಡಲಿ?

ಬೇರುಬಳ್ಳಿ:
ಎರಡಡಿ ಆಳ ತೋಡಿ, ಅರ್ಧ ಗೊಬ್ಬರ ತುಂಬಿ. ಆಮೇಲೆ ಅದರ ಪಾಡಿಗೆ ಬೆಳೆಯುತ್ತದೆ.

ಮಣ್ಣುಕೈ:
ಅರ್ಧ ಗೊಬ್ಬರ ಬೇಡ, ದಯವಿಟ್ಟು. ನಾನು ಹಾಗೇ ಮಾಡಿ ಕೆಟ್ಟಿದ್ದೇನೆ. ಗೊಬ್ಬರ ಕೊಳೆತು ಕುಸಿಯಿತು, ಗಿಡ ಒಂದು ಗೇಣು ಕೆಳಗಿಳಿಯಿತು, ಬುಡದ ಸುತ್ತ ನೀರು ನಿಂತು ತೊಗಟೆ ಕಪ್ಪಾಯಿತು. ದಾಳಿಂಬೆ ಒಣ ಮಣ್ಣು ತಡೆದುಕೊಳ್ಳುತ್ತದೆ, ಕೆಸರು ತಡೆಯುವುದಿಲ್ಲ. ಗುಂಡಿ ಬೇರಿನ ಮುದ್ದೆಯಷ್ಟೇ ಆಳ, ಅದರ ಎರಡರಷ್ಟು ಅಗಲ ಇರಲಿ. ತೆಗೆದ ಮಣ್ಣನ್ನೇ ವಾಪಸ್ ಹಾಕಿ. ಗೊಬ್ಬರ ಮೇಲೆ ಹರಡಿ, ಕಾಂಡಕ್ಕೆ ತಾಗದ ಹಾಗೆ.

ಪ್ಯಾಕೆಟ್ ಹರಿದಾಗ ಬೇರು ನೋಡಿ. ನನ್ನದರಲ್ಲಿ ಸಿಂಬಿ ಸುತ್ತಿದ ಹಾಗಿತ್ತು. ಬೆರಳಲ್ಲಿ ಬಿಡಿಸಿ, ಬರದಿದ್ದರೆ ಒಂದೆರಡು ಕಡೆ ಕತ್ತರಿಸಿಬಿಡಿ. ಹಾಗೇ ನೆಟ್ಟರೆ ಬೇರು ಅಲ್ಲೇ ಗಿರಕಿ ಹೊಡೆಯುತ್ತದೆ.

ಇನ್ನು ಆ ಹಳೇ ಗಿಡದ ಬಗ್ಗೆ. ಪಾಪ, ಅದರ ತಪ್ಪಿರಲಿಕ್ಕಿಲ್ಲ. ದಾಳಿಂಬೆಯಲ್ಲಿ ಎರಡು ಥರ ಹೂ. ತೊಟ್ಟಿನ ಕಡೆ ಸಣ್ಣಗಾಗಿ ಗಂಟೆಯ ಹಾಗಿದ್ದರೆ ಗಂಡು ಹೂ, ಉದುರುವುದೇ ಅದರ ಹಣೆಬರಹ. ಬುಡ ಉಬ್ಬಿ ಪುಟ್ಟ ಹೂಜಿಯ ಹಾಗಿದ್ದರೆ ಅದು ಕಾಯಿ ಕಚ್ಚುವ ಹೂ. ಎಳೇ ಗಿಡದಲ್ಲಿ ಉದುರುವುದೇ ಜಾಸ್ತಿ. ಉದುರಿದ್ದನ್ನು ಕೈಯಲ್ಲಿ ಹಿಡಿದು ನೋಡಿದ್ದರೆ ಗೊತ್ತಾಗುತ್ತಿತ್ತು.

ಬೇರುಬಳ್ಳಿ:
ಸರಿ, ಒಪ್ಪಿದೆ. ಆದರೆ ಕಾಯಿ ಬಿಟ್ಟ ಮೇಲೆ ನೀರು ಮರೆಯಬೇಡಿ. ಮಣ್ಣು ಪೂರ್ತಿ ಒಣಗಿಸಿ ಒಮ್ಮೆಲೇ ಸುರಿದರೆ ಹಣ್ಣು ಬಿರಿಯುತ್ತದೆ. ವಾರಗಟ್ಟಲೆ ಇರದಿದ್ದಾಗ ಬುಡಕ್ಕೆ ಒಣ ಎಲೆ ಹೊದಿಸಿ ಹೋಗಿ. ಬುಡದಿಂದ ಏಳುವ ಚಿಗುರನ್ನೂ ಆಗಾಗ ಕೀಳಿ, ಇಲ್ಲದಿದ್ದರೆ ಪೊದೆಯೇ ಆಗುತ್ತದೆ.

ಸಂಜೆಮಲ್ಲಿಗೆ:
ಕಾಯಿ ನಿಂಬೆ ಗಾತ್ರ ಆಗುವ ಮೊದಲೇ ಬಟ್ಟೆ ಚೀಲ ಕಟ್ಟಿ. ನಾನು ತಡ ಮಾಡಿದೆ. ಹೊರಗೆ ಗುಂಡುಸೂಜಿ ತಲೆಯಷ್ಟು ತೂತು, ಒಳಗೆ ಕಾಳೆಲ್ಲ ಹುಳು! ಆಮೇಲೆ ಇನ್ನೊಂದು, ಇದಕ್ಕೆ ಮುಳ್ಳು ಇರುತ್ತದೆ. ಗೇಟಿಗೆ ಅಂಟಿಸಿ ನೆಡಬೇಡಿ, ಓಡಾಡುವವರಿಗೆ ಕಣ್ಣಿನ ಎತ್ತರಕ್ಕೇ ಬರುತ್ತದೆ.

ಹಿತ್ತಲಗಿಡ:
ಥ್ಯಾಂಕ್ಸ್. ಗೇಟಿನಿಂದ ಒಂದಡಿಗೆ ಗುರುತು ಹಾಕಿದ್ದೆ, ಈಗ ಐದಡಿ ಒಳಗೆ ತೋಡಿದ್ದೇನೆ. ಪ್ಯಾಕೆಟ್ ಹರಿದೆ. ಸಿಂಬಿಯೇ, ಮೂರು ಸುತ್ತು. ಗುಂಡಿಗೆ ಅಡ್ಡ ಕೋಲಿಟ್ಟು ನೋಡಿದರೆ ಗಿಡ ಎರಡು ಬೆರಳು ಕೆಳಗಿತ್ತು. ಎತ್ತಿ ಮಣ್ಣು ಹಾಕಿ ಮತ್ತೆ ಕೂರಿಸಿದೆ. ಹಳೇ ಗಿಡದ ವಿಷಯ ಮಾತ್ರ ಇನ್ನೂ ತಲೆಯಲ್ಲಿ ಕೊರೀತಿದೆ.