ಸಣ್ಣ ಕಾರಿಗೆ 18,000 ರೂಪಾಯಿಯೊಳಗೆ ಸಬ್‌ವೂಫರ್: ಯಾವುದನ್ನು ಆರಿಸಬೇಕು, ಹೇಗೆ ಅಳವಡಿಸಬೇಕು?

ಹಾಸನದ ಸವಾರ (ಪ್ರಶ್ನೆ)

ನನ್ನ ಬಳಿ 2019ರ ಸ್ವಿಫ್ಟ್ ಕಾರಿದೆ. ಕಾರಿನ ಜೊತೆಗೇ ಬಂದ ಟಚ್‌ಸ್ಕ್ರೀನ್ ಸ್ಟೀರಿಯೋವನ್ನು ಬದಲಾಯಿಸುವ ಮನಸ್ಸಿಲ್ಲ. ಹಾಡಿನಲ್ಲಿ ಬಾಸ್ ಗಿಟಾರ್ ಮತ್ತು ಡ್ರಮ್ಮಿನ ತಳಸ್ವರ ಕೇಳಿಸುವುದೇ ಇಲ್ಲ ಎಂಬ ಒಂದು ಕೊರತೆಯನ್ನು ಸಬ್‌ವೂಫರಿನಿಂದ (ತಳಸ್ವರಕ್ಕೆಂದೇ ಇರುವ ಸ್ಪೀಕರ್) ನೀಗಿಸಿಕೊಂಡರೆ ಸಾಕು. ವೈರಿಂಗ್, ಕೂಲಿ ಎಲ್ಲವೂ ಸೇರಿ 18,000 ರೂಪಾಯಿ ಮೀರಬಾರದು. ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಯೊಂದರಲ್ಲಿ ವಿಚಾರಿಸಿದಾಗ ಎರಡು ಆಯ್ಕೆಗಳನ್ನು ತೋರಿಸಿದರು: 12 ಇಂಚಿನ ಬಾಸ್ ಟ್ಯೂಬ್ (ಕೊಳವೆಯಾಕಾರದ ಸಬ್‌ವೂಫರ್) ಜೊತೆಗೆ ‘3000 ವ್ಯಾಟ್’ ಎಂದು ಮುದ್ರಿಸಿರುವ ನಾಲ್ಕು ಚಾನೆಲ್‌ಗಳ ಆಂಪ್ಲಿಫೈಯರ್, ಅಥವಾ ಸೀಟಿನ ಅಡಿಯಲ್ಲಿ ಕೂರುವ, ‘125 ವ್ಯಾಟ್ ಆರ್‌ಎಂಎಸ್’ ಎಂದಿರುವ 8 ಇಂಚಿನ ಪೆಟ್ಟಿಗೆ. ಬೆಲೆ ಹೆಚ್ಚುಕಡಿಮೆ ಒಂದೇ ಆಗಿರುವಾಗ ವ್ಯಾಟಿನಲ್ಲಿ ಇಷ್ಟು ಅಂತರ ಹೇಗೆ ಬಂತು? ತಿಂಗಳಿಗೊಮ್ಮೆ ಊರಿಗೆ ಹೋಗುವಾಗ ಡಿಕ್ಕಿಯ ತುಂಬ ಸಾಮಾನಿರುತ್ತದೆ ಎಂಬುದನ್ನೂ ಗಮನದಲ್ಲಿಟ್ಟು ಸಲಹೆ ನೀಡಬೇಕಾಗಿ ವಿನಂತಿ.

ಫ್ಯೂಸ್ ನೋಡುವವನು

ಮೊದಲು ಆ 3000 ವ್ಯಾಟಿನ ಲೆಕ್ಕವನ್ನು ಮುಗಿಸೋಣ. ಆಂಪ್ಲಿಫೈಯರಿನ ಪಕ್ಕದಲ್ಲಿ ಚುಚ್ಚಿರುವ ಫ್ಯೂಸುಗಳ ಮೇಲೆ ಎಷ್ಟು ಆಂಪಿಯರ್ ಎಂದು ಬರೆದಿದೆ ನೋಡಿ. ಅಲ್ಲಿ 20 ಆಂಪಿಯರಿನ ಎರಡು ಫ್ಯೂಸುಗಳಿವೆ ಎಂದುಕೊಳ್ಳಿ. ಎಂಜಿನ್ ಚಾಲೂ ಇರುವಾಗ ಕಾರಿನ ವೋಲ್ಟೇಜ್ ಸುಮಾರು 13.8 ಇರುವುದರಿಂದ ಅದು ಎಡೆಬಿಡದೆ ಎಳೆದುಕೊಳ್ಳಬಲ್ಲ ಶಕ್ತಿ 40 × 13.8, ಅಂದರೆ ಸುಮಾರು 550 ವ್ಯಾಟ್ ಮಾತ್ರ. ಕ್ಲಾಸ್ ಎಬಿ ಮಾದರಿಯ ಆಂಪ್ಲಿಫೈಯರಿನಲ್ಲಿ ಅದರ ಹೆಚ್ಚುಕಡಿಮೆ ಅರ್ಧದಷ್ಟು ಬಿಸಿಯಾಗಿ ಹೋಗುತ್ತದೆ. ಉಳಿಯುವ ಸುಮಾರು 275 ವ್ಯಾಟನ್ನು ನಾಲ್ಕು ಚಾನೆಲ್‌ಗಳು ಹಂಚಿಕೊಳ್ಳಬೇಕು. ಡಬ್ಬದ ಮೇಲಿನ ಸಂಖ್ಯೆ ಏನೇ ಹೇಳಲಿ, ಫ್ಯೂಸಿಗಿಂತ ಹೆಚ್ಚು ಶಕ್ತಿಯನ್ನು ಯಾವ ಆಂಪ್ಲಿಫೈಯರೂ ನಿರಂತರವಾಗಿ ಕೊಡಲಾರದು.

ಆದ್ದರಿಂದ ಆರ್‌ಎಂಎಸ್ (ನಿರಂತರವಾಗಿ ಕೊಡಬಲ್ಲ ಶಕ್ತಿ) ಎಂದು ನಮೂದಿಸಿರುವ ಅಂಕಿಯನ್ನು ಬಿಟ್ಟು ಉಳಿದ ಯಾವ ವ್ಯಾಟನ್ನೂ ಲೆಕ್ಕಕ್ಕೆ ಹಿಡಿಯಬೇಡಿ. ಅದರ ಮೇಲೂ, ಶಕ್ತಿಯನ್ನು ಎರಡು ಪಟ್ಟು ಮಾಡಿದರೆ ಸಿಗುವ ಹೆಚ್ಚಳ ಕೇವಲ 3 ಡೆಸಿಬಲ್. 150 ವ್ಯಾಟಿಗೂ 300 ವ್ಯಾಟಿಗೂ ಕಿವಿಗೆ ತಿಳಿಯುವ ವ್ಯತ್ಯಾಸ ಬೆಲೆಯ ವ್ಯತ್ಯಾಸಕ್ಕಿಂತ ತುಂಬ ಚಿಕ್ಕದು.

ಮುಚ್ಚಿದ ಪೆಟ್ಟಿಗೆ

ನನ್ನ ಅಭಿಪ್ರಾಯದಲ್ಲಿ ಅಂಗಡಿಯ ಆ ಎರಡು ಆಯ್ಕೆಗಳನ್ನೂ ಬಿಟ್ಟು ಮೂರನೆಯದನ್ನು ನೋಡುವುದು ಒಳ್ಳೆಯದು: 10 ಇಂಚಿನ ಒಂದು ಸಬ್‌ವೂಫರ್, ಗಾಳಿಯಾಡದಂತೆ ಮುಚ್ಚಿದ ಪೆಟ್ಟಿಗೆ, ಶಕ್ತಿ ಬಿಸಿಯಾಗಿ ಹೋಗುವುದು ಕಡಿಮೆಯಿರುವ ಕ್ಲಾಸ್ ಡಿ ಮಾದರಿಯ ಮೋನೋ (ಒಂದೇ ಚಾನೆಲ್‌ನ) ಆಂಪ್ಲಿಫೈಯರ್.

ಮುಚ್ಚಿದ ಪೆಟ್ಟಿಗೆಯನ್ನೇ ಹೇಳಲು ಕಾರಣವಿದೆ. ಮುಚ್ಚಿದ ಪೆಟ್ಟಿಗೆಯ ಸದ್ದು ಒಂದು ಮಟ್ಟದಿಂದ ಕೆಳಗೆ ಪ್ರತಿ ಆಕ್ಟೇವಿಗೆ (ಅಂದರೆ ಹರ್ಟ್ಜ್ ಅರ್ಧವಾದಂತೆಲ್ಲ) 12 ಡೆಸಿಬಲ್‌ನಂತೆ ಇಳಿಯುತ್ತ ಹೋಗುತ್ತದೆ. ಆದರೆ ಸಣ್ಣ ಕಾರಿನ ಒಳಗೆ, ಸುಮಾರು 60–70 ಹರ್ಟ್ಜ್‌ನಿಂದ ಕೆಳಗಿನ ಶಬ್ದದ ಅರ್ಧ ತರಂಗವೂ ಕಾರಿನ ಉದ್ದದಲ್ಲಿ ಹಿಡಿಸದ ಕಾರಣ, ಇಡೀ ಗಾಳಿಯೇ ಒತ್ತಿ ಸಡಿಲಿ ಆ ಸ್ವರಗಳನ್ನು ಬಹುಮಟ್ಟಿಗೆ ಅದೇ ಪ್ರಮಾಣದಲ್ಲಿ ಮೇಲೆತ್ತುತ್ತದೆ. ಪೆಟ್ಟಿಗೆ ಕಳೆದುಕೊಂಡದ್ದನ್ನು ಕಾರು ತುಂಬಿಕೊಡುವುದರಿಂದ ಬಾಸ್ ಗಿಟಾರಿನ 41 ಹರ್ಟ್ಜ್‌ನ ತಳತಂತಿಯೂ ಸ್ಪಷ್ಟವಾಗಿ ಕೇಳಿಸುತ್ತದೆ. ಅಂಗಡಿಯವರು ತೋರಿಸಿದ ಟ್ಯೂಬಿನಂಥ, ರಂಧ್ರವಿರುವ ಪೆಟ್ಟಿಗೆಗಳು ಅದೇ ವ್ಯಾಟಿಗೆ ಹೆಚ್ಚು ಜೋರಾಗಿ ಕೇಳಿಸುತ್ತವೆ ನಿಜ. ಆದರೆ ಅಗ್ಗದವುಗಳನ್ನು ಬಹುತೇಕ 50–60 ಹರ್ಟ್ಜ್ ಆಸುಪಾಸಿನಲ್ಲಿ ಗುಮ್ಮೆನ್ನುವಂತೆ ಹೊಂದಿಸಿರುತ್ತಾರೆ; ಕಾರಿನ ಏರಿಕೆಯೂ ಅದಕ್ಕೆ ಸೇರಿದಾಗ ಎಲ್ಲ ಹಾಡುಗಳಲ್ಲೂ ಒಂದೇ ಸ್ವರ ಬಡಿದಂತಾಗುತ್ತದೆ.

ಹೆಚ್ಚಿನ 10 ಇಂಚಿನ ಸಬ್‌ವೂಫರುಗಳಿಗೆ 20ರಿಂದ 25 ಲೀಟರ್ ಒಳಗಾತ್ರ ಸಾಕು. 18 ಮಿಲಿಮೀಟರಿನ ಎಂಡಿಎಫ್ ಹಲಗೆಯಲ್ಲಿ ಮಾಡಿಸಿದರೆ ಹೊರಗಾತ್ರ 35 ಲೀಟರಿನ ಹತ್ತಿರ ಬರುತ್ತದೆ. ನಿಮ್ಮ ಸ್ವಿಫ್ಟಿನ ಡಿಕ್ಕಿ 268 ಲೀಟರಿನದಾದ್ದರಿಂದ ಸಾಮಾನಿಗೆ ದೊಡ್ಡ ತೊಂದರೆಯಾಗದು. ಪೆಟ್ಟಿಗೆಯನ್ನು ಬೋಲ್ಟ್ ಅಥವಾ ಗಟ್ಟಿ ಪಟ್ಟಿಯಿಂದ ಕಾರಿಗೆ ಬಿಗಿಯಲೇಬೇಕು, ಏಕೆಂದರೆ ಹತ್ತಾರು ಕಿಲೋ ತೂಕದ ವಸ್ತು ಅಪಘಾತದಲ್ಲಿ ಹಿಂದಿನ ಸೀಟಿನವರ ಮೇಲೆಯೇ ಬರುತ್ತದೆ.

ಸೀಟಿನಡಿ ಸಾಕು

ಮೇಲಿನ ಮಾತುಗಳನ್ನು ಒಪ್ಪುತ್ತಲೇ ಒಂದು ತಕರಾರು. ಪ್ರಶ್ನೆ ಕೇಳಿದವರಿಗೆ ಬೇಕಾಗಿರುವುದು ಗಾಜು ನಡುಗಿಸುವ ಸದ್ದಲ್ಲ. ಸೀಟಿನಡಿಯ ಪೆಟ್ಟಿಗೆಯಲ್ಲಿ ಆಂಪ್ಲಿಫೈಯರ್ ಒಳಗೇ ಇರುತ್ತದೆ, ವೈರಿಂಗ್ ಕಡಿಮೆ, ಕಾರು ಮಾರುವಾಗ ಬಿಚ್ಚಿಕೊಂಡೂ ಹೋಗಬಹುದು. 125 ವ್ಯಾಟ್ ಆರ್‌ಎಂಎಸ್ ಎಂಬುದು ಇಲ್ಲಿ ಪ್ರಾಮಾಣಿಕವಾದ ಅಂಕಿ. ತೆಳು ಪೆಟ್ಟಿಗೆಯಾದ್ದರಿಂದ 40 ಹರ್ಟ್ಜ್‌ಗಿಂತ ಕೆಳಗೆ ಹೆಚ್ಚೇನೂ ಸಿಗದು; ಭಾವಗೀತೆ, ಕರ್ನಾಟಕ ಸಂಗೀತ, ಹಳೆಯ ಚಿತ್ರಗೀತೆಗಳನ್ನು ಕೇಳುವವರಿಗೆ ಅದು ಗೊತ್ತಾಗುವುದೂ ಇಲ್ಲ. ಕೊಳ್ಳುವ ಮೊದಲು ಸೀಟನ್ನು ಹಿಂದೆ ಮುಂದೆ ಪೂರ್ತಿ ಸರಿಸಿ, ಅದರ ತಳಕ್ಕೂ ನೆಲಕ್ಕೂ ಇರುವ ಅಂತರವನ್ನು ಅಳೆಯಿರಿ. ಚಾಲಕನ ಸೀಟಿಗೆ ಎತ್ತರದ ಹೊಂದಾಣಿಕೆ ಇದ್ದರೆ ಪೆಟ್ಟಿಗೆಯನ್ನು ಪಕ್ಕದ ಸೀಟಿನಡಿಗೆ ಹಾಕಿಸಿ.

ತಂತಿ ಕೆಲಸ

ಯಾವುದನ್ನು ಕೊಂಡರೂ ಕಾರಿಗೆ ಬೆಂಕಿ ಬೀಳುವುದು ವೈರಿಂಗಿನಿಂದ, ಸಬ್‌ವೂಫರಿನಿಂದಲ್ಲ. ಅಂಗಡಿಯವರು ಕೆಲಸ ಮಾಡುವಾಗ ಅಲ್ಲಿಯೇ ನಿಂತು ನೋಡಿ.

ಬ್ಯಾಟರಿಯಿಂದ ಹೊರಡುವ ಧನ (ಪಾಸಿಟಿವ್) ತಂತಿಗೆ ಬ್ಯಾಟರಿಯಿಂದ 45 ಸೆಂಟಿಮೀಟರಿನೊಳಗೆ ಫ್ಯೂಸ್ ಇರಬೇಕು. ಆಂಪ್ಲಿಫೈಯರಿನ ಮೈಮೇಲಿನ ಫ್ಯೂಸ್ ಆ ಯಂತ್ರವನ್ನಷ್ಟೇ ಕಾಯುತ್ತದೆ. ನಡುವಿನ ಉದ್ದ ತಂತಿ ಎಲ್ಲಾದರೂ ಉಜ್ಜಿ ಕಾರಿನ ಲೋಹಕ್ಕೆ ತಾಗಿದರೆ ಅದನ್ನು ಕಾಯುವುದು ಬ್ಯಾಟರಿಯ ಬಳಿಯ ಫ್ಯೂಸ್ ಮಾತ್ರ. ಎಂಜಿನ್ ಕಡೆಯಿಂದ ಒಳಗೆ ಬರುವಲ್ಲಿ ತಂತಿಯು ರಬ್ಬರ್ ಬುಶ್‌ನ ಮೂಲಕವೇ ಬರಬೇಕು. 300 ವ್ಯಾಟಿನ ಕ್ಲಾಸ್ ಡಿ ಆಂಪ್ಲಿಫೈಯರ್ ಸುಮಾರು 27 ಆಂಪಿಯರ್ ಎಳೆಯುತ್ತದೆ. ಅದಕ್ಕೆ 8 ಗೇಜಿನ ಶುದ್ಧ ತಾಮ್ರದ ತಂತಿ ಧಾರಾಳವಾಯಿತು. ಅಗ್ಗದ ಕಿಟ್‌ಗಳಲ್ಲಿ ಬರುವುದು ತಾಮ್ರ ಲೇಪಿಸಿದ ಅಲ್ಯೂಮಿನಿಯಂ. ಅದರ ವಾಹಕತೆ ತಾಮ್ರದ ಮೂರನೆಯ ಎರಡರಷ್ಟಿದ್ದರೆ ಹೆಚ್ಚು. ಒಂದೆಳೆಯನ್ನು ಚಾಕುವಿನಿಂದ ಕೆರೆದು ನೋಡಿ, ಒಳಗೆ ಬೆಳ್ಳಗಿದ್ದರೆ ಬೇಡವೆನ್ನಿ, ಇಲ್ಲವೇ ಇನ್ನೂ ದಪ್ಪನೆಯ 4 ಗೇಜಿನದನ್ನು ಕೇಳಿ.

ಗ್ರೌಂಡ್ ತಂತಿಯೂ ಅಷ್ಟೇ ದಪ್ಪವಿರಲಿ, ಅರ್ಧ ಮೀಟರಿನೊಳಗೆ ಮುಗಿಯಲಿ, ಬಣ್ಣ ಕೆರೆದ ಲೋಹಕ್ಕೆ ಬೋಲ್ಟಿನಿಂದ ಬಿಗಿಯಲಿ. ಆಕ್ಸಿಲರೇಟರ್ ಒತ್ತಿದಂತೆಲ್ಲ ಸ್ಪೀಕರಿನಲ್ಲಿ ಕುಂಯ್ ಎಂಬ ಸದ್ದು ಏರಿದರೆ ಮೊದಲು ಅನುಮಾನಿಸಬೇಕಾದದ್ದು ಇದೇ ಜೋಡಣೆಯನ್ನು. ಸಿಗ್ನಲ್ ತಂತಿಯನ್ನು ಕರೆಂಟಿನ ತಂತಿಯ ಜೊತೆ ಎಳೆಯದೆ ಕಾರಿನ ಇನ್ನೊಂದು ಬದಿಯಿಂದ ತರಿಸಿ. ಮೂಲ ಸ್ಟೀರಿಯೋವನ್ನೇ ಉಳಿಸಿಕೊಳ್ಳುವುದಾದರೆ ಹೈ ಲೆವೆಲ್ ಇನ್‌ಪುಟ್ ಇರುವ ಆಂಪ್ಲಿಫೈಯರನ್ನು ಆರಿಸಿ. ಅದು ಸ್ಪೀಕರ್ ತಂತಿಯಿಂದಲೇ ಸಿಗ್ನಲ್ ಪಡೆಯುತ್ತದೆ. ತಂತಿ ಕತ್ತರಿಸಲು ಬಿಡಬೇಡಿ, ಕಪ್ಲರಿಗೆ ಕಪ್ಲರ್ ಕೂರುವ ಹಾರ್ನೆಸ್ (ಸಿದ್ಧ ತಂತಿಗುಚ್ಛ) ಸಿಗುತ್ತದೆ.

ಹಾಸನದ ಸವಾರ

ಎಲ್ಲರಿಗೂ ಧನ್ಯವಾದಗಳು. 10 ಇಂಚಿನ ಮುಚ್ಚಿದ ಪೆಟ್ಟಿಗೆಯ ಕಡೆಗೇ ಮನಸ್ಸು ವಾಲಿದೆ. ಅಂಗಡಿಯಲ್ಲಿ ‘ಡ್ಯೂಯಲ್ 4 ಓಮ್’ ಮತ್ತು ‘ಸಿಂಗಲ್ 4 ಓಮ್’ ಎಂಬ ಎರಡು ಬಗೆಗಳಿವೆಯಂತೆ. ಯಾವುದು ಸೂಕ್ತ? ಗೇನ್ ಎಷ್ಟಕ್ಕೆ ಇಡಬೇಕು?

ಫ್ಯೂಸ್ ನೋಡುವವನು

ಓಮ್ ಎಂದರೆ ಸಬ್‌ವೂಫರಿನ ಸುರುಳಿ ಒಡ್ಡುವ ವಿದ್ಯುತ್ ತಡೆ; ಯಾವುದು ಬೇಕೆಂದು ತೀರ್ಮಾನಿಸುವುದು ಆಂಪ್ಲಿಫೈಯರ್. ಡ್ಯೂಯಲ್ 4 ಓಮಿನ ಎರಡು ಸುರುಳಿಗಳನ್ನು ಸಮಾಂತರವಾಗಿ ಜೋಡಿಸಿದರೆ 2 ಓಮ್, ಸರಣಿಯಲ್ಲಿ ಜೋಡಿಸಿದರೆ 8 ಓಮ್ ಆಗುತ್ತದೆ. ಮೋನೋ ಆಂಪ್ಲಿಫೈಯರ್ 2 ಓಮಿಗೆ 300 ವ್ಯಾಟ್ ಕೊಡುವಂಥದ್ದಾದರೆ 4 ಓಮಿಗೆ 180ರ ಹತ್ತಿರವಷ್ಟೇ ಕೊಟ್ಟೀತು, ಹಾಗಾಗಿ ಡ್ಯೂಯಲ್ ಲಾಭದಾಯಕ. ಎರಡು ಚಾನೆಲ್‌ಗಳನ್ನು ಬ್ರಿಡ್ಜ್ ಮಾಡಿ (ಒಂದಾಗಿ ಜೋಡಿಸಿ) ಬಳಸುವುದಾದರೆ ಸಿಂಗಲ್ 4 ಓಮನ್ನೇ ತೆಗೆದುಕೊಳ್ಳಿ, ಏಕೆಂದರೆ ಬಹುಪಾಲು ಆಂಪ್ಲಿಫೈಯರುಗಳು ಬ್ರಿಡ್ಜ್ ಆದಾಗ 4 ಓಮಿಗಿಂತ ಕೆಳಗಿನ ಹೊರೆಯನ್ನು ತಡೆಯಲಾರದೆ ಬಿಸಿಯೇರಿ ನಿಂತುಬಿಡುತ್ತವೆ.

ಗೇನ್ ಎಂಬುದು ವಾಲ್ಯೂಮ್ ಅಲ್ಲ, ಸ್ಟೀರಿಯೋದ ಸಿಗ್ನಲ್ಲಿಗೆ ಆಂಪ್ಲಿಫೈಯರನ್ನು ಹೊಂದಿಸುವ ಗುಂಡಿ. ಅದನ್ನು ಕಿವಿಯಿಂದ ಹೊಂದಿಸುವ ಬದಲು ಮಲ್ಟಿಮೀಟರಿನಿಂದ ಹೊಂದಿಸಿ. ಬಾಸ್ ಬೂಸ್ಟ್ ಮತ್ತು ಈಕ್ವಲೈಸರ್ ಎರಡನ್ನೂ ಸೊನ್ನೆಗಿಟ್ಟು, ಸಬ್‌ವೂಫರಿನ ತಂತಿ ಬಿಚ್ಚಿ, ಆಂಪ್ಲಿಫೈಯರಿನ ಆ ತುದಿಗಳಿಗೆ ಮೀಟರ್ ಹಿಡಿದು, ಸ್ಟೀರಿಯೋದ ವಾಲ್ಯೂಮನ್ನು ಮುಕ್ಕಾಲಿಗೇರಿಸಿ, 0 ಡೆಸಿಬಲ್ ಮಟ್ಟದ (ರೆಕಾರ್ಡಿಂಗಿನ ಗರಿಷ್ಠ ಮಟ್ಟ) 50 ಹರ್ಟ್ಜ್ ಟೋನ್ ನುಡಿಸಿ. ನಮ್ಮ ಮನೆಗಳ ಕರೆಂಟೂ 50 ಹರ್ಟ್ಜ್‌ನದೇ ಆದ್ದರಿಂದ ಅಗ್ಗದ ಮೀಟರ್ ಕೂಡ ಇಲ್ಲಿ ಸರಿಯಾಗಿ ಅಳೆಯುತ್ತದೆ. ವ್ಯಾಟನ್ನು ಓಮಿನಿಂದ ಗುಣಿಸಿ ವರ್ಗಮೂಲ ತೆಗೆದರೆ ಬೇಕಾದ ಎಸಿ ವೋಲ್ಟೇಜ್ ಸಿಗುತ್ತದೆ. ಸಬ್‌ವೂಫರ್ 250 ವ್ಯಾಟ್ ಆರ್‌ಎಂಎಸ್ ತಾಳುವಂಥದ್ದಾಗಿ, ಆಂಪ್ಲಿಫೈಯರೂ ಆ ಹೊರೆಗೆ ಅಷ್ಟು ಕೊಡುವಂಥದ್ದಾಗಿ, ಹೊರೆ 2 ಓಮ್ ಇದ್ದರೆ 22.4 ವೋಲ್ಟ್, 4 ಓಮ್ ಇದ್ದರೆ 31.6 ವೋಲ್ಟ್ ತೋರಿಸುವವರೆಗೆ ಗೇನ್ ತಿರುಗಿಸಿ ಅಲ್ಲಿಗೇ ನಿಲ್ಲಿಸಿ. ಮೇಲಿನ ಸ್ವರಗಳನ್ನು ತಡೆಯುವ ಲೋ ಪಾಸ್ ಫಿಲ್ಟರ್ 80 ಹರ್ಟ್ಜ್‌ನಲ್ಲಿರಲಿ. ಬಳಿಕ ಸಬ್‌ವೂಫರಿನ ಚಲನೆಯನ್ನು ತಿರುವುಮುರುವು ಮಾಡುವ ಫೇಸ್ ಸ್ವಿಚ್ಚನ್ನು ಎರಡೂ ಕಡೆಗೆ ಹಾಕಿ, ಚಾಲಕನ ಸೀಟಿನಲ್ಲಿ ಕುಳಿತಾಗ ಯಾವುದರಲ್ಲಿ ತಳಸ್ವರ ಹೆಚ್ಚು ತುಂಬಿ ಬರುತ್ತದೆಯೋ ಅಲ್ಲಿ ಬಿಡಿ. ಹಣ ಸ್ವಲ್ಪ ಉಳಿದರೆ ಗಡಗಡ ಸದ್ದು ತಡೆಯಲು ನಂಬರ್ ಪ್ಲೇಟಿನ ಹಿಂದೆ ಫೋಮ್ ಪಟ್ಟಿ, ಮುಂದಿನ ಬಾಗಿಲುಗಳ ಒಳಗೆ ಡ್ಯಾಂಪಿಂಗ್ ಹಾಳೆ ಅಂಟಿಸಿ.