ಸೋತವರ ಕೊಡೆ

ಫಿಲಡೆಲ್ಫಿಯಾ ಹೊರವಲಯದ ಒಂದು ಮನೆ. ಬಿಸಿಬೇಳೆಬಾತಿನ ಪಾತ್ರೆ ತಳ ಕಂಡಿದೆ, ಖಾರಾಬೂಂದಿ ಉಳಿದಿದೆ, ಹಾಗಾಗಿ ಯಾರೂ ಏಳುತ್ತಿಲ್ಲ. ಸೀನ ರಿಪಬ್ಲಿಕನ್, ಗಿರಿ ಡೆಮಾಕ್ರಾಟ್, ಮೂರ್ತಿ ಎರಡೂ ಅಲ್ಲ. ವನಜಕ್ಕ ಮನೆಯೊಡತಿ, ಅಂದರೆ ಸುಪ್ರೀಂ ಕೋರ್ಟು.

ಸೀನ: ಹತ್ತನೇ ತಿದ್ದುಪಡಿ 1791ರಲ್ಲೇ ಹೇಳಿದೆ ಕಣ್ರೋ. ಸಂವಿಧಾನ ಕೇಂದ್ರಕ್ಕೆ ಕೊಡದೆ, ರಾಜ್ಯಕ್ಕೆ ಬೇಡ ಅನ್ನದೆ ಉಳಿದ ಅಧಿಕಾರವೆಲ್ಲ ರಾಜ್ಯಗಳದ್ದು, ಇಲ್ಲಾಂದ್ರೆ ಜನರದ್ದು. ನಾಣ್ಯ, ಅಂಚೆ, ಯುದ್ಧ, ಅಂತರರಾಜ್ಯ ವ್ಯಾಪಾರ, ಇಂಥವನ್ನು ನೋಡ್ಕೊಂಡು ವಾಷಿಂಗ್ಟನ್ ಸುಮ್ನಿರಬೇಕು.

ಮೂರ್ತಿ: ಕೊನೇಲಿ ಒಂದು ಹೇಳಿದ್ಯಲ್ಲ, ಅಂತರರಾಜ್ಯ ವ್ಯಾಪಾರ, ಅದು ಹಿತ್ತಲ ಬಾಗಿಲು. ಒಹಾಯೋದ ರೈತ ಫಿಲ್ಬರ್ನ್‌ಗೆ 11.1 ಎಕರೆ ಮಾತ್ರ ಗೋಧಿ ಬೆಳಿ ಅಂತು ಕೇಂದ್ರ, ಅವನು 23 ಎಕರೆ ಬಿತ್ತಿದ. ಹೆಚ್ಚಿಗೆ ಬೆಳೆದ 239 ಬುಷೆಲ್‌ಗೆ ತಲಾ 49 ಸೆಂಟ್ ದಂಡ. ಅಯ್ಯೋ, ಅದು ನಮ್ಮನೆ ಕೋಳಿಗೆ, ದನಕ್ಕೆ, ರೊಟ್ಟಿಗೆ ಅಂದ. 1942ರಲ್ಲಿ ಕೋರ್ಟು ಏನಂತು? ನೀನು ಮನೇದೇ ತಿಂದ್ರೆ ಪೇಟೇಲಿ ಕೊಳ್ಳಲ್ಲ, ಎಲ್ರೂ ಹಂಗೇ ಮಾಡಿದ್ರೆ ದೇಶದ ದರವೇ ಅಲ್ಲಾಡುತ್ತೆ, ಆದ್ದರಿಂದ ಇದೂ ಅಂತರರಾಜ್ಯ ವ್ಯಾಪಾರ!

ವನಜಕ್ಕ: ಹಾಗಾದ್ರೆ ನನ್ನ ಕುಂಡದ ಕರಿಬೇವು?

ಮೂರ್ತಿ: ಒಗ್ಗರಣೆಗೆ ಹಾಕೋ ಮುಂಚೆ ಯೋಚನೆ ಮಾಡಿ ಅಕ್ಕಾ.

ಗಿರಿ: ನಗಬೇಡ್ರಪ್ಪ. ಅದೇ ಬಾಗಿಲಿಂದ ಬಣ್ಣ ನೋಡಿ ಭೇದ ಮಾಡಬಾರದು ಅನ್ನೋ 1964ರ ಸಿವಿಲ್ ರೈಟ್ಸ್ ಕಾಯ್ದೆನೂ ಒಳಗೆ ಬಂತು. ಅಟ್ಲಾಂಟಾದ ಮೋಟೆಲಿನವನು ಕಪ್ಪು ಜನಕ್ಕೆ ರೂಮು ಕೊಡಲ್ಲ ಅಂದ. ಬರೋ ಗಿರಾಕಿಗಳು ಬೇರೆ ರಾಜ್ಯದವರು, ಆದ್ದರಿಂದ ಕೊಡಲೇಬೇಕು ಅಂತು ಕೋರ್ಟು. ರಾಜ್ಯಗಳ ಹಕ್ಕು ಅಂತ ಭಜನೆ ಮಾಡ್ತಾ ಕೂತಿದ್ರೆ ಆಗ್ತಿತ್ತಾ?

ಮೂರ್ತಿ: ಇಲ್ಲ, ಅದನ್ನು ಒಪ್ಪಿದೆ. ನನಗೆ ಬಾಗಿಲಿನ ಮೇಲೆ ಸಿಟ್ಟಿಲ್ಲ, ಕಾವಲುಗಾರ ಪಕ್ಷ ನೋಡಿ ಬಾಗಿಲು ತೆಗೀತಾನಲ್ಲ, ಅದರ ಮೇಲೆ ಸಿಟ್ಟು.

ಸೀನ: ನಮ್ಮ ಅಧ್ಯಕ್ಷ ರೇಗನ್ ಹಾಗಲ್ಲ. ಕೇಂದ್ರ ಚಿಕ್ಕದಾಗಬೇಕು ಅಂತಲೇ ಬಂದವರು.

ಮೂರ್ತಿ: ಬಂದು 1984ರಲ್ಲಿ ಏನಕ್ಕೆ ಸಹಿ ಹಾಕಿದ್ರು? 21 ತುಂಬದವರು ಮದ್ಯ ಕೊಳ್ಳೋಕೆ ಬಿಟ್ಟ ರಾಜ್ಯಕ್ಕೆ ಹೆದ್ದಾರಿ ದುಡ್ಡಲ್ಲಿ ಮೊದಲು ಶೇಕಡಾ 5, ಆಮೇಲೆ ಶೇಕಡಾ 10 ಕಡಿತ! ಕುಡಿಯೋ ವಯಸ್ಸು ಗೊತ್ತು ಮಾಡೋದು ರಾಜ್ಯದ ಕೆಲಸ ಅಂತ ಸೌತ್ ಡಕೋಟಾ ಕೋರ್ಟಿಗೆ ಹೋಯ್ತು, 1987ರಲ್ಲಿ ಸೋತಿತು. ಬಲವಂತ ಏನಿಲ್ಲ, ಬೇಡ ಅಂದ್ರೆ ದುಡ್ಡು ಬಿಡಿ ಅಂದ್ರು.

ಗಿರಿ: (ಬೂಂದಿ ಬಟ್ಟಲು ತನ್ನ ಕಡೆ ಎಳೆದುಕೊಳ್ಳುತ್ತಾ) ಹಾಕು, ಇನ್ನೊಂದು ಹಾಕು.

ಮೂರ್ತಿ: ನಿಂದೂ ಇದೆ ತಡಿ. ಒಬಾಮಾ ಆರೋಗ್ಯ ಕಾಯ್ದೇಲಿ ಅದೇ ಯಂತ್ರನ ಜಾಸ್ತಿ ತಿರುಗಿಸಿದ್ರು. ಬಡವರ ಮೆಡಿಕೇಡ್ ಯೋಜನೇನ ರಾಜ್ಯ ವಿಸ್ತರಿಸದಿದ್ರೆ ಅದಕ್ಕೆ ಈಗ ಬರ್ತಿರೋ ಮೆಡಿಕೇಡ್ ದುಡ್ಡೂ ಹೋಗಬಹುದು ಅಂತ. 2012ರಲ್ಲಿ 9 ಜನರಲ್ಲಿ 7 ನ್ಯಾಯಮೂರ್ತಿಗಳು ಇದು ಬಲವಂತವೇ ಅಂದ್ರು. ಕಿವಿ ಹಿಂಡಬಹುದು, ಕತ್ತು ಹಿಸುಕಬಾರದು.

ವನಜಕ್ಕ: ಇಬ್ಬರಿಗೂ ಬೇಕಾದ ತೀರ್ಪು ಒಂದೂ ಇಲ್ವೇನೋ?

ಮೂರ್ತಿ: ಇದೆ, ಸರದಿ ಮೇಲೆ ಬೇಕು. ಬಂದೂಕು ಕೊಳ್ಳೋರ ಹಿನ್ನೆಲೆ ತಪಾಸಣೆ ಮಾಡಿ ಅಂತ ಊರ ಶೆರಿಫ್‌ಗಳಿಗೆ ಕೇಂದ್ರ ಆಜ್ಞೆ ಮಾಡೋ ಹಾಗಿಲ್ಲ ಅಂತ 1997ರಲ್ಲಿ ತೀರ್ಪು ಬರೆದವರು ಸಂಪ್ರದಾಯವಾದಿ ನ್ಯಾಯಮೂರ್ತಿ ಸ್ಕಲೀಯಾ. ಸೀನನ ಕಡೆಯವರು ಕುಣಿದಾಡಿದ್ರು. ಈಗ ವಲಸೆ ಇಲಾಖೆ ಜೊತೆ ನಮ್ಮ ಪೊಲೀಸರು ಕೈಜೋಡಿಸಲ್ಲ ಅನ್ನೋ ಡೆಮಾಕ್ರಾಟ್ ನಗರಗಳು ಹಿಡ್ಕೊಂಡಿರೋದೂ ಅದೇ ತೀರ್ಪು.

ವನಜಕ್ಕ: ಅಂದ್ರೆ ರಾಜ್ಯಗಳ ಹಕ್ಕು ಅನ್ನೋದು ಮನೆಗೆ ಒಂದೇ ಕೊಡೆ. ಚುನಾವಣೆ ಸೋತವರು ಬಿಚ್ಕೋತಾರೆ, ಗೆದ್ದವರು ಮೂಲೆಗೆ ಎಸೀತಾರೆ.

ಗಿರಿ: ಸರಿ ಮಾರಾಯ, ಇಷ್ಟೆಲ್ಲ ತಿಳಿದ ನೀನು, ಪಕ್ಷಗಳು ಅಭ್ಯರ್ಥಿ ಆರಿಸೋ ಮೇ ತಿಂಗಳ ಪ್ರೈಮರೀಲಿ ಯಾರಿಗೆ ಒತ್ತುತೀಯ?

ಮೂರ್ತಿ: ಯಾರಿಗೂ ಇಲ್ಲ. ನಮ್ಮ ಪೆನ್ಸಿಲ್ವೇನಿಯಾದ್ದು ಮುಚ್ಚಿದ ಪ್ರೈಮರಿ, ಪಕ್ಷಕ್ಕೆ ಹೆಸರು ಬರೆಸಿದವರಿಗೆ ಮಾತ್ರ. ಪಕ್ಷ ಬರೆಸದವನು ಆ ದಿನ ಹೋದ್ರೆ, ಮತದಾರರ ಮುಂದಿಟ್ಟ ಪ್ರಶ್ನೆಯೋ ವಿಶೇಷ ಚುನಾವಣೆಯೋ ಏನಾದ್ರೂ ಇದ್ರೆ ಅದಕ್ಕೆ ಒತ್ತಿ ಬರಬೇಕು, ಅಷ್ಟೆ. ಮದುವೆ ಮನೇಲಿ ಊಟ ಇಲ್ಲ, ಎಲೆಅಡಿಕೆ ತಗೊಳ್ಳಿ ಅಂದ ಹಾಗೆ.

ಸೀನ: ನವೆಂಬರ್‌ನಲ್ಲಿ ಒತ್ತು!

ಮೂರ್ತಿ: ಒಂದು ಪಕ್ಷಕ್ಕೆ ಅನುಕೂಲ ಆಗ್ಲಿ ಅಂತ ಕ್ಷೇತ್ರದ ಗಡಿ ಹಾವಿನ ಹಾಗೆ ಎಳೆದಿರೋ ಕಡೆ ನವೆಂಬರ್ ಬರೀ ಶಾಸ್ತ್ರಕ್ಕೆ. ಗೆಲ್ಲೋ ಪಕ್ಷ ಮೊದಲೇ ಗೊತ್ತು, ಆಳು ಯಾರು ಅಂತ ಮೇನಲ್ಲೇ ತೀರ್ಮಾನ. ಆ ಪ್ರೈಮರಿಗೆ ಬರೋರು ಕಟ್ಟಾ ಅಭಿಮಾನಿಗಳು. ಅಭ್ಯರ್ಥಿ ಹೆದರೋದು ಅವರಿಗೇ ಹೊರತು ನನಗಲ್ಲ. ಎದುರು ಪಕ್ಷದವರ ಕೈ ಕುಲುಕಿದ್ರೂ ಅವನ ಕಥೆ ಮುಗೀತು.

ವನಜಕ್ಕ: ಅದಕ್ಕೇನು ದಾರಿ ಇಲ್ವಾ? ನಿನ್ನ ಕ್ಷೇತ್ರದಲ್ಲಿ ಯಾರು ಗೆಲ್ತಾರೋ ಆ ಪಕ್ಷಕ್ಕೇ ಹೆಸರು ಬರೆಸು. ಚುನಾವಣೆಗೆ 15 ದಿನ ಮುಂಚೆವರೆಗೂ ಬದಲಾಯಿಸಬಹುದು. ನವೆಂಬರ್‌ನಲ್ಲಿ ಯಾರಿಗೆ ಬೇಕಾದ್ರೂ ಒತ್ತು, ಯಾರು ನೋಡ್ತಾರೆ?

ಮೂರ್ತಿ: ನನ್ನ ತತ್ವ...

ವನಜಕ್ಕ: ತತ್ವ ಫ್ರಿಜ್ಜಲ್ಲಿಡು, ಕೆಡಲ್ಲ.

ಗಿರಿ: ಅರ್ಜಿ ಮಾತ್ರ ನೋಡ್ಕೊಂಡು ತುಂಬು. ಕ್ಯಾಲಿಫೋರ್ನಿಯಾದಲ್ಲಿ ತಾವು ಸ್ವತಂತ್ರರು ಅನ್ಕೊಂಡು ಎಷ್ಟೋ ಜನ 'ಅಮೆರಿಕನ್ ಇಂಡಿಪೆಂಡೆಂಟ್' ಅನ್ನೋದಕ್ಕೆ ಗುರುತು ಹಾಕಿಬಿಟ್ಟಿದ್ರು. ಅದು ಒಂದು ಪಕ್ಷ! 1968ರಲ್ಲಿ ವರ್ಣಭೇದದ ಜಾರ್ಜ್ ವಾಲೇಸ್ ನಿಂತಿದ್ದ ಪಕ್ಷ. ಅಲ್ಲಿ ಹಾಕಬೇಕಾದ್ದು 'ನೋ ಪಾರ್ಟಿ ಪ್ರಿಫರೆನ್ಸ್' ಅನ್ನೋದಕ್ಕೆ.

ಸೀನ: ಮಧ್ಯದಲ್ಲಿ ನಿಲ್ಲೋಕೆ ಹೋಗಿ ಮೋರಿಗೆ ಬಿದ್ದ ಹಾಗೆ. ಅದಿರ್ಲಿ, ಈ ಪಾತ್ರೆಗಳು ಯಾರ ವ್ಯಾಪ್ತಿಗೆ ಬರುತ್ತೆ, ಕೇಂದ್ರದ್ದೋ ರಾಜ್ಯದ್ದೋ?

ವನಜಕ್ಕ: ತೊಳೀರಿ ಅಂತ ಆಜ್ಞೆ ಮಾಡೋ ಹಾಗಿಲ್ಲವಲ್ಲ, ಮಾಡಲ್ಲ. ತೊಳೆಯದವರಿಗೆ ಮೊದಲ ಸಲ ಕಾಫೀಲಿ ಶೇಕಡಾ 5 ಕಡಿತ, ಆಮೇಲೆ 10.

(ಮೂವರೂ ಎದ್ದರು.)